ನರ್ಸಮ್ಮನ ಮಡಿಲಕ್ಕಿ

ಮೊಮ್ಮಗನಿಗೆ ಮೊದಲ ಹಲ್ಲು ಬಂದಿದೆಯೆಂದು ಚನ್ನಪಟ್ಟಣದಿಂದ ಅಳಿಯ ಹೇಳಿಕಳುಹಿಸಿದ. ಸಂತೋಷ ತಡೆಯಲಾಗದೆ, ರೈಲಿಗೆ ಇನ್ನೂ ಹೊತ್ತಿರುವಾಗಲೇ ಕೆಂಗೇರಿ ಸ್ಟೇಷನ್ನಿಗೆ ಬಂದು ಕೂತೆ.

ನಮ್ಮೂರಿನ ಮಿಷನ್ ಆಸ್ಪತ್ರೆಗೆ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ ಪರದೇಶದವರು ಬೆಂಗಳೂರು ಕಡೆಯ ರೈಲಿಗೆ ಕಾಯುತ್ತಿದ್ದರು. ಪ್ರತಿವರ್ಷ ಯಾರಾದರೂ ಬರುತ್ತಾರೆ. ಪ್ರಾರ್ಥನೆ ಮಾಡುತ್ತಾರೆ, ಔಷಧಿ ಕೊಡುತ್ತಾರೆ, ಮುಖದ ಗುರುತು ಹತ್ತುವಷ್ಟರಲ್ಲಿ ಹೊರಟುಬಿಡುತ್ತಾರೆ. ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಈ ಸಲ ಅವರ ನಡುವೆ ನನ್ನ ಮಗಳ ಹೆರಿಗೆ ಮಾಡಿಸಿದ ನರ್ಸಮ್ಮನೂ ಇದ್ದಳು.

ಮನಸ್ಸು ತಡೆಯಲಿಲ್ಲ. ಮಗಳಿಗೆಂದು ಕಟ್ಟಿಕೊಂಡಿದ್ದ ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಗಂಟು ಬಿಚ್ಚಿದೆ.

"ಬಾ ತಾಯಿ, ತವರಿಂದ ಬರೀ ಮಡಿಲಲ್ಲಿ ಹೋಗ್ಬಾರ್ದು."

ಅವಳಿಗೆ ಸೆರಗೆಲ್ಲಿಯದು? ಗೌನಿನ ಮುಂಭಾಗವನ್ನೇ ಎತ್ತಿ ಹಿಡಿದಳು.

"ಎಲ್ಲಾ ಇಲ್ಲೇ ಸುರುದ್ಬಿಟ್ರೆ ಮಗಳ್‌ಗೇನ್ ಕೊಡ್ತೀಯಜ್ಜಿ?" ಎಂದು ಪೋರ್ಟರ್ ನಕ್ಕ.

"ಇವ್ಳೂ ಮಗಳೇ ಕಣಪ್ಪ" ಎಂದೆ.

ಪರದೇಶದವಳಿಗೆ ಮುಂದಿನ ಶಾಸ್ತ್ರ ಗೊತ್ತಿರಲಾರದೆಂದು ಗಂಟಿನ ಬಟ್ಟೆ ಮಡಚತೊಡಗಿದೆ. ಅವಳು ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ನನ್ನ ಸೆರಗಿಗೆ ಹಾಕಿದಳು. ತವರಿಗೆ ಮತ್ತೆ ಬರುವ ಮಗಳು ಹಾಗೆ ಒಂದು ಹಿಡಿ ಬಿಟ್ಟುಹೋಗುತ್ತಾಳೆ. ನನ್ನ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ದಿನ ಈ ನರ್ಸಮ್ಮ ನಮ್ಮ ಬಾಗಿಲಲ್ಲೇ ನಿಂತು ನೋಡಿದ್ದಳು.

"ಬರ್ತೀನಿ ಅಮ್ಮ" ಎಂದಳು.

ಅವಳ ರೈಲು ಹೋಯಿತು. ನನ್ನದು ಈಗ ಬಿಡದಿ ದಾಟಿದೆ. ಆ ಹಿಡಿ ಅಕ್ಕಿ ಸೆರಗಿನ ತುದಿಯ ಗಂಟಿನಲ್ಲಿದೆ, ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ. ಮಗಳ ಮನೆಯಲ್ಲಿ ಇದನ್ನು ಬಿಚ್ಚುವುದಿಲ್ಲ. ನಮ್ಮನೆಯ ಅಕ್ಕಿ ಮಡಕೆಗೇ ಸೇರಿಸಬೇಕು.