ನೋಡಿ ಬಾ, ಬರೆದು ಬಾ

ಹೆಸರಿಡುವುದರಲ್ಲಿ ನಾನು ಬಹಳ ದಡ್ಡ. ನಮ್ಮ ಮನೆಯ ಬೆಕ್ಕು ತುಂಬು ಬಾಳು ಬಾಳಿ, ಕೊನೆಯವರೆಗೂ ‘ಬೆಕ್ಕು’ ಎಂದೇ ಕರೆಸಿಕೊಂಡು ತೀರಿಹೋಯಿತು. ಅಂಥವನ ಪಾಲಿಗೆ ಎಂಬತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಒಂದು ದವಾಖಾನೆಯ ಕಂಪ್ಯೂಟರ್ ಬಂತು. ರೋಗಿಗಳ ಮಾಹಿತಿ ಹುಡುಕುವ, ಸೇರಿಸುವ ಪುಟ್ಟ ಪ್ರೋಗ್ರಾಮುಗಳನ್ನು ಬರೆದು, ಒಂದೊಂದಕ್ಕೂ ಹೆಸರಿಡುವುದು ನನ್ನ ಕೆಲಸ. ಹೆಸರು ಎಂಟು ಇಂಗ್ಲಿಷ್ ಅಕ್ಷರ ಮೀರುವಂತಿಲ್ಲ. ನಮ್ಮ ಕಡೆಯ ಅಡ್ಡಹೆಸರುಗಳೇ ಅದಕ್ಕಿಂತ ಉದ್ದ.

ಯಂತ್ರ ನಡೆಸಬೇಕಾದವರು ಮಹಾದೇವಕ್ಕ, ಗಂಡ ತೀರಿದ ಮೇಲೆ ಗುಮಾಸ್ತಿಕೆಗೆ ಸೇರಿದವರು. ಕಂಪ್ಯೂಟರ್ ಕಲಿಯದಿದ್ದರೆ ಹುನಗುಂದದ ಶಾಖೆಗೆ ಹೋಗಬೇಕೆಂದು ದೊಡ್ಡ ಡಾಕ್ಟರು ಹೇಳಿದ್ದರು. ಮಹಾದೇವಕ್ಕನ ಮಗಳು ಇಲ್ಲೇ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು.

ನನಗಿಂತ ಮೊದಲಿದ್ದ ಎಂಜಿನಿಯರ್ ಒಂದು ಪ್ರೋಗ್ರಾಮಿಗೆ ‘ಹುಡುಕು’ ಎಂದು ಹೆಸರಿಟ್ಟಿದ್ದ. ಅದು ಹುಡುಕುತ್ತಿತ್ತು ನಿಜ. ಸಿಗದಿದ್ದರೆ ಯಾರನ್ನೂ ಕೇಳದೆ ಹೊಸ ರೋಗಿಯನ್ನೇ ಸೃಷ್ಟಿಸಿಬಿಡುತ್ತಿತ್ತು. ಬೇವೂರಿನ ಒಬ್ಬ ಅಜ್ಜಿ ಹೀಗೆ ಮೂವರಾದರು. ಬೈಸಿಕೊಂಡವರು ಮಹಾದೇವಕ್ಕ.

“ನಾ ಬರೇ ಹುಡುಕಾಕ ಹೇಳಿದ್ದೆರಿ ಸರ,” ಎಂದರು ನನ್ನ ಬಳಿ. “ಈಗ ಬಟನ್ ಒತ್ತಾಕ ಅಂಜಿಕಿ ಬರತೈತಿ.”

ನನಗೆ ಸಂಕಟವಾಯಿತು. ಹೆಸರು ಸುಳ್ಳು ಹೇಳಿದ್ದಕ್ಕೆ ಇವರು ಬೈಸಿಕೊಂಡಿದ್ದರು.

ನಮ್ಮಲ್ಲಿ ಮನೆ ಬಿಡುವಾಗ ಬರೀ ‘ಹೋಗ್ತೇನಿ’ ಅನ್ನುವ ಹಾಗಿಲ್ಲ, ‘ಹೋಗಿ ಬರ್ತೇನಿ’ ಅನ್ನಬೇಕು. ಮರೆತರೆ ನಮ್ಮವ್ವ ಬಾಗಿಲಿಗೆ ಅಡ್ಡ ನಿಂತು, ಬಸ್ಸು ತಪ್ಪಿದರೂ ಸರಿ, ತಿದ್ದಿ ಹೇಳಿಸಿಯೇ ಬಿಡುತ್ತಿದ್ದಳು. ಹೋಗುವವನು ಮುಂದೇನು ಮಾಡುತ್ತಾನೆಂದು ಪೂರ್ತಿ ಒಪ್ಪಿಸಿದರೆ ಉಳಿದವರ ಜೀವಕ್ಕೆ ಸಮಾಧಾನ. ಪ್ರೋಗ್ರಾಮಿಗೂ ಇದೇ ರೀತಿ ಕಲಿಸಿದರಾಯಿತಲ್ಲ ಎನಿಸಿತು.

‘ಹುಡುಕು’ವನ್ನು ಒಡೆದು ಎರಡು ಮಾಡಿದೆ. ಕಂಪ್ಯೂಟರಿನಲ್ಲಿರುವ ರೋಗಿಯ ಕಾರ್ಡು ನೋಡಿ ಸುಮ್ಮನೆ ಹಿಂತಿರುಗುವುದು ‘ನೋಡಿಬಾ’. ಹೊಸ ಕಾರ್ಡು ಬರೆಯುವುದು ‘ಬರೆದುಬಾ’. ಎರಡೂ ಎಂಟು ಅಕ್ಷರದೊಳಗೆ ಮೈ ಮುದುಡಿ ಕೂತವು.

ದೊಡ್ಡ ಡಾಕ್ಟರು ಮಹಾದೇವಕ್ಕನ ಕಲಿಕೆ ಪರೀಕ್ಷಿಸಲು ಬಂದು ಅವರ ಹಿಂದೆ ನಿಂತಾಗ, ಮರೋಳದಿಂದ ಬಂದ ಹಿರಿಯರೊಬ್ಬರ ಹೆಸರು ಸಿಗಲೇ ಇಲ್ಲ. ಈಗ ‘ಬರೆದುಬಾ’ ಒತ್ತಿಬಿಡುತ್ತಾರೇನೋ ಎಂದು ನಾನು ಅಂಜಿದೆ. ಮಹಾದೇವಕ್ಕ ಮಾತ್ರ ಶಾಂತವಾಗಿ ತಿರುಗಿ, “ಹಿಂದ ಬಂದಾಗ ಯಾವ ಹೆಸರು ಬರಸಿದ್ರಿ ಯಪ್ಪಾ?” ಎಂದು ಕೇಳಿದರು. ಮನೆಯಲ್ಲಿ ಕರೆಯುವ ಹೆಸರು ಬರೆಸಿದ್ದರಂತೆ. ಮತ್ತೆ ‘ನೋಡಿಬಾ’ ಓಡಿಸಿದರು. ಹಳೆಯ ಕಾರ್ಡು ಬಂತು. ಡಾಕ್ಟರು ತಲೆಯಾಡಿಸಿ ಹೋದರು. ಹುನಗುಂದದ ಮಾತು ಮತ್ತೆ ಯಾರೂ ಎತ್ತಲಿಲ್ಲ.

“ಅಂಜಿಕಿ ಬರಲಿಲ್ಲೇನ್ರಿ ಅಕ್ಕಾ?” ಎಂದು ಕೇಳಿದೆ.

“ಯಾಕ ಅಂಜಲಿರಿ? ಏನ್ ಮಾಡ್ತೈತಿ ಅನ್ನೂದು ಮೊದಲ ಹೇಳತೈತಲ್ಲ.”

ಗಂಡ ಹೋದಂದಿನಿಂದ ಆಕೆಗೆ ಧೈರ್ಯ ಹೇಳಿದವರು ಭಾಳ ಮಂದಿ, ನಾನೂ ಒಬ್ಬ. ಮುಂದೆ ಏನಾಗುತ್ತದೆಂದು ಬಿಡಿಸಿ ಹೇಳಿದವರು ಮಾತ್ರ ಅಲ್ಲಿಯವರೆಗೆ ಯಾರೂ ಇರಲಿಲ್ಲ.