ತಲೆಯಾಡಿಸುವ ಸಂಚಾಲಕರು

ಮೀಟಪ್ ನಡೆಯುವ ಶನಿವಾರ ಹತ್ತಿರ ಬಂತೆಂದರೆ ನಮ್ಮ ಸಂಚಾಲಕರಿಗೆ ಊಟ ಸೇರುವುದಿಲ್ಲ. ಊರಿನ ಸಾಫ್ಟ್‌ವೇರ್ ಮಂದಿಯನ್ನು ಒಂದೆಡೆ ಕೂಡಿಸಿ, ಯಾರಿಂದಲಾದರೂ ಹೊಸ ವಿಷಯವೊಂದನ್ನು ಹೇಳಿಸುವುದು ಅವರ ಹವ್ಯಾಸ. ಹೆದರುವುದು ಅದಕ್ಕಿಂತ ಹಳೆಯ ಚಾಳಿ. ಬರುತ್ತೇವೆಂದು ಆನ್‌ಲೈನಿನಲ್ಲಿ ಒಪ್ಪಿದವರಲ್ಲಿ ಅರ್ಧ ಜನ ಬರುವುದಿಲ್ಲವೆಂದು ಕುರ್ಚಿಗಳನ್ನು ಎತ್ತಿಡುತ್ತಾರೆ. ಎಲ್ಲರೂ ಬಂದುಬಿಟ್ಟರೆ ಎಂದು ಗಾಬರಿಯಾಗಿ ಮತ್ತೆ ತಂದು ಹಾಕುತ್ತಾರೆ. ಪ್ರೊಜೆಕ್ಟರ್ ಕೈಕೊಟ್ಟೀತೆಂದು ಅವರ ಚೀಲದಲ್ಲಿ ಕೇಬಲ್ಲುಗಳು ಹಾವಿನ ಮರಿಗಳಂತೆ ಹೆಣೆದುಕೊಂಡಿರುತ್ತವೆ. ಬಾಗಿಲು ಕಿರ್ರೆಂದರೆ ಎದೆ ಧಸಕ್ಕೆನ್ನುತ್ತದೆ: ಬಂದವರೋ, ಎದ್ದು ಹೊರಟವರೋ? "ರೀ, ಮಗಳ ಮದುವೇಲೂ ನೀವು ಇಷ್ಟು ಹೆದರಿರಲಿಲ್ಲ," ಎನ್ನುತ್ತಾರೆ ಹೆಂಡತಿ. "ಮದುವೆಗೆ ಜನ ಊಟಕ್ಕಾದ್ರೂ ಬರ್ತಾರೆ ಕಣೇ," ಎಂಬುದು ಇವರ ಉತ್ತರ. ಆದರೆ ಹೊಸಬರು ಯಾರಾದರೂ ಮಾತಾಡಲು ನಿಂತು ನಡುಗಿದರೆ ಇವರ ಭಯ ಎಲ್ಲಿಗೋ ಹೋಗುತ್ತದೆ. "ಏನೂ ತೋಚದಿದ್ರೆ ಹಿಂದಿನ ಸಾಲಲ್ಲಿ ನನ್ನನ್ನೇ ನೋಡ್ತಿರಿ," ಎಂದು ಹೇಳಿ, ಗೋಡೆ ಬದಿಯ ಕುರ್ಚಿಯಲ್ಲಿ ಕೂತು, ಅರ್ಥವಾಗಲಿ ಬಿಡಲಿ, ಕೊನೆಯವರೆಗೂ ತಲೆಯಾಡಿಸುತ್ತಾರೆ. ಆ ತಲೆಯನ್ನು ನಂಬಿ ನಾನೂ ಒಮ್ಮೆ ದಡ ಸೇರಿದ್ದೇನೆ. ಇಷ್ಟು ವರ್ಷಗಳಲ್ಲಿ ಸಂಚಾಲಕರು ಮಾತ್ರ ಒಮ್ಮೆಯೂ ಮಾತಾಡಿದವರಲ್ಲ. ಕಳೆದ ಸಲ ಮಾತಾಡಬೇಕಾದವರು ಬರಲಿಲ್ಲ. ಬೇರೆ ದಾರಿ ಕಾಣದೆ ಇವರೇ ಮೈಕು ಹಿಡಿದರು. "ನಮಸ್ಕಾರ," ಎಂದರು, ಮುಂದಿನದು ತೋಚಲಿಲ್ಲ. ಎಲ್ಲರಿಗೂ ತಾವೇ ಹೇಳಿಕೊಟ್ಟಂತೆ ಹಿಂದಿನ ಸಾಲಿನತ್ತ ನೋಡಿದರು. ಗೋಡೆ ಬದಿಯ ಕುರ್ಚಿ ಖಾಲಿಯಿತ್ತು.