ನನ್ನದೇ ಕೋಡಿನ ಮೇಲೆ ಬಂದ ದೂರು

ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೊಂದಿದೆ. ಅದರ ಬಗ್ಗೆ ಬರುವ ದೂರುಗಳನ್ನು ನೋಡುವುದು ನನ್ನ ಕೆಲಸ. ಭೋಪಾಲ್‌ನ ಬಾಡಿಗೆ ಫ್ಲ್ಯಾಟಿನ ಊಟದ ಮೇಜೇ ಕಚೇರಿ. ತಪ್ಪು ಕಂಪೈಲರಿನದೋ, ಕೋಡ್ ಬರೆದವರದೋ ಹೇಳಬೇಕು. ಹೆಚ್ಚಿನ ಸಲ ಬರೆದವರದೇ. 'ಕೋಡ್ ನಿಯಮಬಾಹಿರ' ಎಂದು ಬರೆದು ದೂರು ಮುಚ್ಚುವಾಗ ನನ್ನ ಕೈ ಎಂದೂ ತಡೆದದ್ದಿಲ್ಲ.

ಆ ಮಂಗಳವಾರ ಸೂರತ್‌ನ ಎಂಜಿನಿಯರ್ ಹುಡುಗಿಯೊಬ್ಬಳ ದೂರು ಬಂತು. ಉಗಿ ಕೊಳವೆಯ ಗೋಡೆ ಎಷ್ಟು ದಪ್ಪವಿರಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮು ಹೊಸ ಕಂಪೈಲರಿನಲ್ಲಿ ಬೇರೆಯೇ ಉತ್ತರ ಕೊಡುತ್ತಿತ್ತು. ತೆರೆದು ನೋಡಿದರೆ ಸಂಖ್ಯೆ ಹಿಡಿದಿಡುವ ಎರಡು ಚರಗಳ ಹೆಸರು ಹುಳಿ, ಸಾರು. ಹನ್ನೊಂದು ವರ್ಷಗಳ ಹಿಂದೆ, ವಡೋದರಾದ ಸಣ್ಣ ಕಂಪನಿಯೊಂದರ ಮೊದಲ ಕೆಲಸದಲ್ಲಿ, ಮನೆಯೂಟ ನೆನೆಸಿಕೊಂಡು ನಾನೇ ಇಟ್ಟ ಹೆಸರುಗಳು. ನಾನು ಬರೆದ ಪ್ರೋಗ್ರಾಮು ಕೈಯಿಂದ ಕೈಗೆ ಸಾಗಿ ಸೂರತ್ ಸೇರಿತ್ತು.

ಒಂದೇ ಚರವನ್ನು ಉಪಪ್ರೋಗ್ರಾಮಿಗೆ ಎರಡು ಹೆಸರಿನಲ್ಲಿ ಕೊಟ್ಟು, ಅದರೊಳಗೆ ಒಂದು ಹೆಸರಿನದನ್ನು ಮಾತ್ರ ಬದಲಿಸಿದ್ದೆ. ಹಾಗೆ ಮಾಡಬಾರದು ಎನ್ನುತ್ತದೆ ನಿಯಮ. ಮಾಡಿದರೆ ಉತ್ತರ ಸರಿ ಬಂದರೂ ಬರಬಹುದು, ಕೆಟ್ಟರೂ ಕೆಡಬಹುದು, ಕಂಪೈಲರ್ ಎಚ್ಚರಿಸಲೇಬೇಕೆಂದಿಲ್ಲ. ಅರ್ಧ ದಿನ ನಿಯಮದ ಪುಟಗಳಲ್ಲಿ ನನಗೆ ಅನುಕೂಲವಾದ ಸಾಲು ಹುಡುಕಿದೆ. ಒಂದು ವಿನಾಯಿತಿ ಸಿಕ್ಕಿತು. ಅದು ನನ್ನ ಕೋಡಿಗೆ ಹೊಂದಲಿಲ್ಲ.

ಆಗಿನ ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯವರು, ನಿವೃತ್ತರಾಗಿ ವಡೋದರಾದಲ್ಲೇ ಉಳಿದಿದ್ದಾರೆ.

"ಇಷ್ಟು ವರ್ಷ ಸರಿ ನಡದೈತಿ. ಹೊಸಾ ಕಂಪೈಲರ್ ಬಂದಮ್ಯಾಲ ಕೆಟ್ರ ತಪ್ಪು ಯಾರದವಾ?" ಎಂದರು.

"ನನ್ನದೇ ಸರ್. ನಿಯಮ ನನಗೆ ಆಗ ಗೊತ್ತಿರಲಿಲ್ಲ."

"ನನಗ ಗೊತ್ತಿತ್ತು ತಂಗಿ. ಉತ್ತರ ಸರಿ ಬರ್ತದಲ್ಲ ಅಂತ ಸಹಿ ಹಾಕಿದೆ. ಈಗ ಕಂಪೈಲರಿಂದು ತಪ್ಪು ಅಂತ ಬರದ್ರ ಯಾರಿಗೇನು ಲುಕ್ಸಾನು?"

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೆಲಸ ಕಲಿಸಿದವರು, ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕಿದವರು.

"ಕೋಡ್ ಸರಿಯಿದೆ ಅಂತ ಸೂರತ್‌ನ ಹುಡುಗಿ ನಂಬ್ತಾಳೆ ಸರ್, ಬೇರೆ ಕೊಳವೆಗೂ ಇದನ್ನೇ ಬಳಸ್ತಾಳೆ" ಎಂದೆ. ಅವರು ಫೋನ್ ಇಟ್ಟರು.

ಕೋಡ್ ನಿಯಮಬಾಹಿರವೆಂದು ಬರೆದೆ. ಬರೆದವಳು ನಾನೇ ಎಂದೂ ಸೇರಿಸಿ, ತಿದ್ದಿದ ಸಾಲು ಕಳಿಸಿದೆ. ಸಂಜೆ ಹುಡುಗಿ ಫೋನ್ ಮಾಡಿ ಹಿಂದಿಯಲ್ಲಿ ಕೇಳಿದಳು: "ದೀದಿ, ಈಗಾಗಲೇ ಹಾಕಿರೋ ಪೈಪುಗಳ ಗತಿ ಏನು?"

ಯಾವ ಕೊಳವೆಗೆ ಯಾವ ಕಂಪೈಲರಿನಲ್ಲಿ ಲೆಕ್ಕ ಹಾಕಿದ್ದರೆಂದು ಯಾರೂ ಬರೆದಿಟ್ಟಿರಲಿಲ್ಲ. ಪ್ರತಿ ಶನಿವಾರ ನಾನೂ ಆ ಹುಡುಗಿಯೂ ಫೋನಿನಲ್ಲಿ ಕೂಡಿ ಒಂದೊಂದನ್ನೇ ಮತ್ತೆ ಲೆಕ್ಕ ಹಾಕುತ್ತಿದ್ದೇವೆ. ಇದುವರೆಗೆ ನೋಡಿದವು ಸರಿಯಿವೆ. ನೋಡದವು ಇನ್ನೂ ಬಹಳ ಇವೆ. ನನ್ನ ಹಳೆಯ ಮೇಲಧಿಕಾರಿಗೆ ಎರಡು ಸಲ ಫೋನ್ ಮಾಡಿದೆ; ಅವರು ಎತ್ತಲಿಲ್ಲ.